ಮಾಮನ ನಂಬರಿನಿಂದ ಹೋದ ಮಾತು

ನನ್ನ ಸೋದರಮಾವ ಒಂದು ದೊಡ್ಡ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆಸ್ಪತ್ರೆಯ ನಾನೂರು ಚಿಲ್ಲರೆ ನಂಬರುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಮನೆಯಲ್ಲಿ ಕತ್ತರಿ ಕಳೆದರೂ ನಾವು ಕೇಳುತ್ತಿದ್ದದ್ದು ಅವರನ್ನೇ. ಒಮ್ಮೆ ನಾನು ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಿದ್ದಾಗ ಕರೆ ಮಾಡಿದವರೊಬ್ಬರು ಮಾತೇ ಆಡದೆ ಅತ್ತರು. ಮಾಮ ಲೈನ್ ಬಿಡಲಿಲ್ಲ. ಅಳು ನಿಂತ ಮೇಲೆ ಒಂದೇ ಪ್ರಶ್ನೆ ಕೇಳಿ ಸರಿಯಾದ ವಾರ್ಡಿಗೆ ಕೊಟ್ಟರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ತರಗತಿಗೆ ಫೋನಿನಲ್ಲೊಂದು ಗ್ರೂಪ್ ಇತ್ತು. ಅಮ್ಮನ ಫೋನ್ ಅವಳ ಜೊತೆ ಕೆಲಸಕ್ಕೆ ಹೋಗುತ್ತಿತ್ತು, ಹಾಗಾಗಿ ನನಗೆ ಮಾಮನ ಫೋನೇ ಗತಿ. ಅದು ತೆರೆಯ ಮೇಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುವ ಫೋನು. ನಾನು ಹಿಡಿದಾಗ ಆ ದನಿಯನ್ನು ನಿಲ್ಲಿಸಿ, ಕೊಡುವಾಗ ಮತ್ತೆ ಹಚ್ಚುತ್ತಿದ್ದೆ.

ಒಂದು ಸಂಜೆ ಕ್ಲಾಸಿನ ಹುಡುಗಿಯೊಬ್ಬಳು ಪಾಠದ ಉತ್ತರವನ್ನು ತನ್ನ ದನಿಯಲ್ಲಿ ಹೇಳಿ ಗ್ರೂಪಿಗೆ ಕಳಿಸಿದಳು. ಅವಳಿಗೆ ಉಗ್ಗು. ನಾನು ಚಕಚಕ ಟೈಪ್ ಮಾಡಿದೆ: "ಪ ಪ ಪ ಪಾಠ ಮುಗಿಯೋ ಹೊತ್ತಿಗೆ ಬೇಸಿಗೆ ರಜೆ ಬಂದಿರತ್ತೆ." ನಗುವ ಮುಖಗಳು ಸಾಲುಗಟ್ಟಿ ಬಂದವು. ನನಗೆ ಕೊಂಬು ಮೂಡಿದಂತಾಯಿತು. ಫೋನನ್ನು ಮಾಮನಿಗೆ ಕೊಟ್ಟು ಕೈ ತೊಳೆಯಲು ಹೋದೆ.

ನಲ್ಲಿ ನಿಲ್ಲಿಸಿದಾಗ ಕೋಣೆಯಿಂದ ಫೋನಿನ ದನಿ ಕೇಳಿಸಿತು. ಏರಿಳಿತವಿಲ್ಲದ ದನಿ. "ನೀವು. ಪ. ಪ. ಪ. ಪಾಠ ಮುಗಿಯೋ ಹೊತ್ತಿಗೆ..." ಆಮೇಲೆ ಆ ನಗುವ ಮುಖಗಳನ್ನು ಒಂದೊಂದಾಗಿ ಓದುತ್ತ "ಆನಂದಬಾಷ್ಪದ ಮುಖ, ಆನಂದಬಾಷ್ಪದ ಮುಖ, ಆನಂದಬಾಷ್ಪದ ಮುಖ" ಎಂದು ಮುಗಿಯುವಂತೆಯೇ ಕಾಣಲಿಲ್ಲ. ಬರೆಯುವಾಗ ಅಷ್ಟು ಚುರುಕಾಗಿದ್ದ ನನ್ನ ಮಾತು ಆ ದನಿಯಲ್ಲಿ ಕಲ್ಲಿನ ಹಾಗಿತ್ತು.

"ನೀವು ಅಂತಿದೆಯಲ್ಲಮ್ಮ, ಇದನ್ನ ನಾನು ಹೇಳಿದ್ನಾ?" ಎಂದರು ಮಾಮ.

"ನಾನು ಬರೆದಿದ್ದು, ಮಾಮ. ಉಗ್ಗೋ ಹುಡುಗಿಯೊಬ್ಬಳು ಪಾಠ ಹೇಳಿ ಕಳಿಸಿದ್ಲು, ಅವಳಿಗೆ."

"ಆ ಮಗು ಮನೇಲಿ ನಂಬರ್ ನೋಡಿದ್ರೆ ನಂದೇ ಕಾಣತ್ತೆ. ಅವಳ ನಂಬರ್ ಹೇಳು."

ಬೈಯುತ್ತಾರೆಂದು ಕಾದಿದ್ದ ನಾನು ನಂಬರ್ ಹೇಳಿದೆ. ಮಾಮ ಸ್ಪೀಕರ್ ಹಾಕಿ ಕರೆ ಮಾಡಿದರು. ಐವತ್ತರ ಮನುಷ್ಯ ಹನ್ನೊಂದು ವರ್ಷದ ಹುಡುಗಿಗೆ, "ಅಮ್ಮಾ, ನನ್ನ ಫೋನಿಂದ ನಿನಗೆ ನೋವಾಗೋ ಮಾತು ಬಂತು. ಕ್ಷಮಿಸು" ಎಂದರು.

ಆ ಕಡೆ ಅವಳು ಏನೋ ಹೇಳಲು ಹೊರಟು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಳು. ನಾನಾಗಿದ್ದರೆ ಆ ಪದವನ್ನು ನಾನೇ ಮುಗಿಸಿಬಿಡುತ್ತಿದ್ದೆ. ಮಾಮ ಕಾದರು. ಕಾಯುವುದೂ ಒಂದು ಕೆಲಸ, ಅದನ್ನು ಇಷ್ಟು ಚೆನ್ನಾಗಿ ಮಾಡಬಹುದು ಎಂದು ನಾನು ಕಂಡಿದ್ದು ಅವತ್ತೇ. ಅವರ ಮುಖದಲ್ಲಿ ಅವಸರದ ಒಂದು ಗೆರೆಯೂ ಇರಲಿಲ್ಲ. ಕಡೆಗೆ ಅವಳ ಮಾತು ಪೂರ್ತಿ ಹೊರಬಂತು: "ನೀವು ಬರೆದಿರಲ್ಲ ಅಂತ ನಂಗೊತ್ತು."

ಮಾಮ ಫೋನನ್ನು ನನ್ನ ಕೈಗಿಟ್ಟರು. ತಪ್ಪಾಯಿತು ಎಂದೆ. ಅವಳು ತನ್ನ ಹೊತ್ತು ತೆಗೆದುಕೊಂಡು, "ಜೋಕು ಚೆನ್ನಾಗಿತ್ತು. ನನ್ನ ಮೇಲೆ ಮಾಡಬಾರದಿತ್ತು" ಎಂದಳು.

ಮರುದಿನ ನಾನೇ ಟೀಚರಿಗೆ ಎಲ್ಲ ಹೇಳಿದೆ. ಮುಂದಿನ ವಾರ ಅವರು ಮಾಮನನ್ನು ಕ್ಲಾಸಿಗೆ ಕರೆಸಿದರು. ಮಾಮ ಉಪದೇಶಕ್ಕೆ ಕೈಹಾಕಲಿಲ್ಲ. ಟೀಚರ ಫೋನನ್ನು ಹುಡುಗರ ಕೈಗೆ ಕೊಡಿಸಿ, ತಮ್ಮದನ್ನು ಮೇಜಿನ ಮೇಲಿಟ್ಟು, "ನನ್ನನ್ನ ಬೈದು ನನ್ನ ನಂಬರಿಗೆ ಬರೀರಿ, ಏನೂ ಅಂದ್ಕೊಳ್ಳಲ್ಲ" ಎಂದರು. ಒಬ್ಬ ಬರೆದ. ಮೇಜಿನ ಮೇಲಿದ್ದ ಫೋನು ಅದನ್ನು ಓದಿತು, ಎಲ್ಲರೂ ಬಿದ್ದುಬಿದ್ದು ನಕ್ಕರು. ಎರಡನೆಯದಕ್ಕೆ ನಗು ಅರ್ಧವಾಯಿತು. ಮೂರನೆಯವನು ಟೈಪ್ ಮಾಡಿ, ಮಾಮನ ಮುಖ ನೋಡಿ, ಒಂದೊಂದೇ ಅಕ್ಷರ ಅಳಿಸಿ ಫೋನನ್ನು ಟೀಚರಿಗೆ ಹಿಂತಿರುಗಿಸಿದ.

ನಮ್ಮ ಗ್ರೂಪು ಹಾಗೆಂದು ಒಂದೇ ಸಲಕ್ಕೆ ಸುಧಾರಿಸಲಿಲ್ಲ. ಇಬ್ಬರು ಮುನಿಸಿಕೊಂಡು ಬೇರೆ ಗ್ರೂಪ್ ಕಟ್ಟಿಕೊಂಡರು. ಆದರೆ ಪರೀಕ್ಷೆಗೆ ಮೊದಲು ಆ ಹುಡುಗಿ ಇತಿಹಾಸದ ಒಂದಿಡೀ ಪಾಠವನ್ನು ತನ್ನ ದನಿಯಲ್ಲಿ ಓದಿ ಕಳಿಸಿದಳು, ಹತ್ತೊಂಬತ್ತು ನಿಮಿಷದ್ದು. ಪುಸ್ತಕ ಮುಚ್ಚಿಟ್ಟು ನಾವೆಲ್ಲ ಅದನ್ನೇ ಕೇಳಿಕೊಂಡು ಓದಿದೆವು.