ಚಿಕ್ಕಮ್ಮ ಬರುವ ಮೊದಲೇ ಅಲ್ಲಾಡಿದ ಗಾಡಿ

ದೆವ್ವ, ಶಕುನ, ಮುನ್ಸೂಚನೆ ಇಂಥವನ್ನು ನಾನು ನಂಬುತ್ತಿರಲಿಲ್ಲ. ನಂಬುವವರ ದನಿ ಅನುಕರಿಸಿ ನಾಲ್ಕು ಜನರನ್ನು ನಗಿಸುವುದೇ ನನ್ನ ಕಸುಬಾಗಿತ್ತು. ಮುನಿರ್ಕಾದ ಬಾಡಿಗೆ ಕೋಣೆಯಲ್ಲಿದ್ದ ಆ ದಿನಗಳಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ನಾನು ಓದಿದ್ದು ಮನುಷ್ಯರ ನಡಿಗೆಯನ್ನು. ಮನೆ ಮಾಲೀಕ, ಪ್ರೊಫೆಸರು, ತರಕಾರಿ ಭಯ್ಯಾ, ಯಾರನ್ನು ಬೇಕಾದರೂ ನಡೆದು ತೋರಿಸುತ್ತಿದ್ದೆ. ಪರೀಕ್ಷೆಯ ಫಲಿತಾಂಶ ನೋಡಿಕೊಂಡು ವಾಪಸು ಬರುವ ನನ್ನದೇ ನಡಿಗೆಗೆ ಎಲ್ಲಕ್ಕಿಂತ ಜೋರು ಚಪ್ಪಾಳೆ ಬೀಳುತ್ತಿತ್ತು. ಇಂಥವನ ಮಾತನ್ನು ನೀವು ನಂಬಲೇಬೇಕೆಂದಿಲ್ಲ. ಅವತ್ತು ನನ್ನ ಪಕ್ಕದಲ್ಲೇ ನಿಂತಿದ್ದವರೂ ನಂಬಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಪ್ಪ ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾಗಿದ್ದರು. ಸರೋಜಿನಿ ನಗರದ ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು. ಗಾಜಿಯಾಬಾದ್ ಕಡೆ ಕೊಂಡಿದ್ದ ಸೈಟಿನಲ್ಲಿ ಮನೆ ಇನ್ನೂ ಪಾಯದಿಂದ ಮೇಲೆದ್ದಿರಲಿಲ್ಲ. ಬೇರೆಯವರಾಗಿದ್ದರೆ ಬಾಡಿಗೆ ಮನೆ ಹಿಡಿಯುತ್ತಿದ್ದರು. ಚಿಕ್ಕಪ್ಪ ಹಿಡಿದದ್ದು, ಅದೇ ಸೈಟಿನಲ್ಲಿ ನಿಲ್ಲಿಸಲು, ಒಂದು ಗಾಡಿಮನೆಯನ್ನು. ಯಾವುದೋ ರಸ್ತೆ ಕಾಮಗಾರಿಯವರು ಬಿಟ್ಟುಹೋದದ್ದು. ಮಂಚ, ಅಡುಗೆ ಕಟ್ಟೆ, ಕಿಟಕಿಗೆ ಪರದೆ, ಎಲ್ಲ ಇತ್ತು. ಎಂಜಿನ್ ಮಾತ್ರ ಇರಲಿಲ್ಲ. ಅದರ ಮೂತಿಯನ್ನು ಟ್ರಕ್ಕಿನ ಬೆನ್ನ ಮೇಲೆ ಕೂರಿಸಿ ಎಳೆದು ತರಬೇಕು. ಟ್ರಕ್ಕು ಹೊರಟುಹೋದರೆ ಮುಂಭಾಗ ಎರಡು ಕಬ್ಬಿಣದ ಕಾಲಿನ ಮೇಲೆ, ಹಿಂಭಾಗ ಚಕ್ರದ ಸ್ಪ್ರಿಂಗಿನ ಮೇಲೆ. ಒಳಗೆ ಯಾರಾದರೂ ಹೆಜ್ಜೆಯಿಟ್ಟರೆ ಇಡೀ ಮನೆ ದೋಣಿಯಾಗುತ್ತಿತ್ತು.

ಚಿಕ್ಕಮ್ಮನಿಗೆ ಕಿವಿಯ ತೊಂದರೆಯಿಂದ ತಲೆಸುತ್ತು. ಲಿಫ್ಟಿನಲ್ಲಿ ಕೂಡ ಕಣ್ಣು ಮುಚ್ಚಿಕೊಂಡೇ ಹೋಗುವವರು. ಗಾಡಿಯನ್ನು ನೋಡುವ ಮೊದಲೇ ತೀರ್ಪು ಕೊಟ್ಟಿದ್ದರು: ಅಲ್ಲಾಡದಿದ್ದರೆ ಇರುತ್ತೇನೆ, ಒಂದು ಸಲ ಅಲ್ಲಾಡಿದರೂ ಪೀತಮ್‌ಪುರಾದ ಅಕ್ಕನ ಮನೆಗೆ ಹೋಗುತ್ತೇನೆ, ಮನೆ ಮುಗಿಯುವ ತನಕ ಕರೆಯಬೇಡಿ. ಮದುವೆಯಾದಂದಿನಿಂದ ಒಬ್ಬರೇ ಊಟಕ್ಕೆ ಕೂತು ಗೊತ್ತಿಲ್ಲದ ಚಿಕ್ಕಪ್ಪ ಇದನ್ನು ಕೇಳಿ ನಿದ್ದೆಗೆಟ್ಟರು. ಆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮ ಹಾಲು ಉಕ್ಕಿಸಲು ಬರುವವರಿದ್ದರು. ಅಷ್ಟರಲ್ಲಿ ಗಾಡಿಯನ್ನು ನೆಟ್ಟಗೆ, ಗಟ್ಟಿಯಾಗಿ ನಿಲ್ಲಿಸಬೇಕೆಂದು ನನ್ನನ್ನು ಬೆಳಗ್ಗೆಯೇ ಕರೆಸಿಕೊಂಡರು.

ಚಳಿಗಾಲದ ಮಂಜು, ಕೈಗೆ ಅಂಟಿದರೆ ಬಿಡದ ಗ್ರೀಸು. ಚಕ್ರಗಳಿಗೆ ಹಿಂದೆಮುಂದೆ ಕಲ್ಲು ಕೊಟ್ಟೆವು. ನಾಲ್ಕು ಮೂಲೆಗೂ ಜ್ಯಾಕು ನಿಲ್ಲಿಸಿ ತಿರುಗಿಸಿದೆ. ಹೊಸದಾಗಿ ತುಂಬಿಸಿದ ಮಣ್ಣು, ತಿರುಗಿಸಿದಷ್ಟೂ ಗಾಡಿ ಏಳುವ ಬದಲು ಜ್ಯಾಕೇ ಇಳಿಯುತ್ತಿತ್ತು. ಕೆಳಗೆ ಹಲಗೆ ಹಾಕಿದರೆ ಹಲಗೆ ಸೀಳಿತು. ಇಟ್ಟಿಗೆ ಇಟ್ಟರೆ ಇಟ್ಟಿಗೆ ಪುಡಿಯಾಯಿತು. ಚಿಕ್ಕಪ್ಪ ರಸಮಟ್ಟ ಹಿಡಿದು, ಅದರ ಗಾಜಿನೊಳಗಿನ ಗುಳ್ಳೆ ನೋಡಿ, ಫೈಲಿಗೆ ಷರಾ ಬರೆಸುವವರ ಹಾಗೆ, ಪರಿಶೀಲಿಸಲಾಗಿದೆ, ತೃಪ್ತಿಕರವಾಗಿಲ್ಲ ಎನ್ನುತ್ತಿದ್ದರು. ಅವರ ಮಗಳು ಪಲ್ಲವಿ ದಪ್ಪನೆ ಸ್ವೆಟರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು.

ಒಂದು ಮೂಲೆ ಸರಿಹೋದರೆ ಇನ್ನೊಂದು ಕುಣಿಯುತ್ತಿತ್ತು. ಕಾರಣ ತಿಳಿದಾಗ ನನಗೆ ಅಳುವೊಂದೇ ಬಾಕಿ. ಹಾಲು ಪೂರ್ವಕ್ಕೆ ಉಕ್ಕಬೇಕೆಂದು ಚಿಕ್ಕಪ್ಪ ನನ್ನ ಬೆನ್ನ ಹಿಂದೆ ಪಶ್ಚಿಮದ ಜ್ಯಾಕುಗಳ ಕೆಳಗೆ ಗುಟ್ಟಾಗಿ ಇಟ್ಟಿಗೆ ಏರಿಸುತ್ತಿದ್ದರು. ನಾನು ಮಟ್ಟ ಮಾಡುವುದು, ಅವರು ಓರೆ ಮಾಡುವುದು. ಕೇಳಿದರೆ, ಅವಳ ಸಮಾಧಾನಕ್ಕೆ ಕಣೋ ಎಂದರು. ಚಿಕ್ಕಮ್ಮ ಪೂರ್ವಕ್ಕೆ ಉಕ್ಕಿದ ಹಾಲನ್ನು ನೋಡುತ್ತಲೇ ಪಶ್ಚಿಮದಿಂದ ಜಾರಿಕೊಂಡು ಬರುತ್ತಾರೆ ಎಂದೆ. ಪಲ್ಲವಿ ಒಬ್ಬಳೇ ನಕ್ಕಳು. ಇಟ್ಟಿಗೆ ತೆಗೆದು ಮತ್ತೆ ಮೊದಲಿಂದ ಶುರುಮಾಡಿದೆ. ಕೊನೆಗೆ ರಸಮಟ್ಟದ ಗುಳ್ಳೆ ನಡುವಿಗೆ ಬಂದು ನಿಂತಿತು. ಚಿಕ್ಕಪ್ಪ ರಸಮಟ್ಟವನ್ನು ಗಾಡಿಗೇ ಜೋಡಿಸಿದ್ದ ಮೆಟ್ಟಿಲ ಮೇಲೆ ಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಕೈ ತೊಳೆಯಲು ಹೋದರು.

ನಾನು ಗಾಡಿಯ ಕೆಳಗೆ ಅಂಗಾತ ಮಲಗಿ, ಮೇಲಿನ ಕಬ್ಬಿಣದ ತೊಲೆಗೆ ಅಂಗೈ ಒತ್ತಿ ಸುಮ್ಮನೆ ಉಸಿರು ಬಿಡುತ್ತಿದ್ದೆ. ಆಗ ಬಾಗಿಲ ಕಡೆ ಗಾಡಿ ತುಸು ತಗ್ಗಿತು. ಯಾರೋ ಹತ್ತಿದ ಹಾಗೆ. ಆಮೇಲೆ ಎರಡು ಹೆಜ್ಜೆ, ಒಂದು ತಡೆ. ಮತ್ತೆ ಎರಡು ಹೆಜ್ಜೆ, ಒಂದು ತಡೆ. ಬಲಗಾಲು ಭಾರ, ಎಡಗಾಲು ಎಳೆತ. ತಡೆಯುವಾಗಲೆಲ್ಲ ಗೋಡೆಗೆ ಕೈಯೂರಿದಂತೆ ಸಣ್ಣ ನಡುಕ. ಅಡುಗೆ ಕಟ್ಟೆಯ ಹತ್ತಿರ ನಿಂತು, ತಿರುಗಿ, ಕಿಟಕಿಯ ತನಕ ಹೋಗಿ, ಮಂಚದ ಮೇಲೆ ಕೂತಂತೆ ತೊಲೆ ನಿಧಾನವಾಗಿ ಭಾರ ತೆಗೆದುಕೊಂಡಿತು.

ಆ ನಡಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ಹಬ್ಬ ಹರಿದಿನಗಳಲ್ಲಿ ನೂರು ಸಲ ನಡೆದು ತೋರಿಸಿ, ಸ್ವತಃ ಚಿಕ್ಕಮ್ಮನನ್ನೇ ನಗಿಸಿದ್ದ, ಅವರದೇ ನಡಿಗೆ ಅದು. ಚಿಕ್ಕಮ್ಮ ಯಾವಾಗ ಬಂದರು ಎಂದು ಕೇಳುತ್ತಾ ಹೊರಗೆ ತೆವಳಿದೆ. ಪಲ್ಲವಿ ಕುರ್ಚಿಯಲ್ಲಿದ್ದಳು, ಚಿಕ್ಕಪ್ಪ ಬಕೆಟ್ಟಿನ ಮುಂದೆ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ನಿಮ್ಮಮ್ಮ ನಡೆದಾಡಿದರು ಎಂದೆ.

"ಅಣ್ಣಾ ಪ್ಲೀಸ್, ಅಮ್ಮನ ಆ್ಯಕ್ಟಿಂಗ್ ಅಭೀ ನಹೀ, ಈಗ ಬೇಡ," ಎಂದಳು ಪಲ್ಲವಿ. "ಅಪ್ಪ ಆಲ್ರೆಡಿ ಟೆನ್ಶನ್‌ನಲ್ಲಿದಾರೆ."

ಚಿಕ್ಕಪ್ಪ ಬೀಗ ತೆಗೆದು ತೋರಿಸಿದರು. ಒಳಗೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲಿನ ರಸಮಟ್ಟದ ಗುಳ್ಳೆ ಮಾತ್ರ ಇನ್ನೂ ಅತ್ತಿಂದಿತ್ತ ಓಡಾಡುತ್ತಿತ್ತು. ಅದನ್ನು ನೋಡಿ ಅವರ ಮುಖ ಇಳಿಯಿತು.

"ಒಂದು ಕೆಲಸ ಕೊಟ್ರೆ ಅದರಲ್ಲೂ ನಾಟಕ. ಕೆಳಗೆ ಮಲಗಿ ನೀನೇ ಅಲ್ಲಾಡಿಸಿದೀಯ. ಅವಳು ಹೋಗಿಬಿಟ್ರೆ ನಾನೇನು ಮಾಡ್ಲಿ, ಹೇಳು?"

ಅಂಗಾತ ಮಲಗಿದವನು ಟನ್ನುಗಟ್ಟಲೆ ತೂಕದ ಮನೆಯನ್ನು ಕುಣಿಸುವಷ್ಟು ಪೈಲ್ವಾನನೇ ನಾನು? ನನ್ನ ತೋಳು ತೋರಿಸಿದೆ. ಅದನ್ನೂ ಅವರು ತಮಾಷೆ ಎಂದೇ ತಿಳಿದರು. ಜೀವನದಲ್ಲಿ ಒಮ್ಮೆ ನಿಜ ಹೇಳಿದ್ದಕ್ಕೆ ಸಿಕ್ಕ ಮರ್ಯಾದೆ ಅದು. ಜ್ಯಾಕುಗಳನ್ನು ಮತ್ತೆ ಬಿಗಿ ಮಾಡೋಣವೆಂದು ಸ್ಪ್ಯಾನರ್ ಹುಡುಕುತ್ತಿರುವಾಗಲೇ ನೆರೆಮನೆಯವರ ಕಾರು ಬಂದು ನಿಂತಿತು. ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಚಿಕ್ಕಮ್ಮ ಇಳಿದರು. ನಾವು ಒಂದು ಸುತ್ತು ಕೂಡ ಬಿಗಿ ಮಾಡಿರಲಿಲ್ಲ.

ಅವರು ಪಾತ್ರೆಯನ್ನು ಪಲ್ಲವಿಗೆ ಕೊಟ್ಟು ಒಬ್ಬರೇ ಹತ್ತಿದರು. ನಾನು ಓಡಿ ತೊಲೆಗೆ ಕೈ ಕೊಟ್ಟೆ. ಒಳಗೆ ಚಪ್ಪಲಿಯಿಲ್ಲದ ಪಾದದ ಸದ್ದು ಕೇಳುತ್ತಿತ್ತು: ಎರಡು ಹೆಜ್ಜೆ, ತಡೆ. ಅಡುಗೆ ಕಟ್ಟೆ. ಕಿಟಕಿ. ಮಂಚ. ಅದೇ ದಾರಿ, ಅದೇ ಕ್ರಮ. ಅಂಗೈಗೆ ತಾಗಿದ್ದ ತೊಲೆ ಮಾತ್ರ ಬಂಡೆಯಂತೆ ನಿಂತಿತ್ತು.

"ಏನ್ರೀ, ಇದು ಅಲ್ಲಾಡೋದೇ ಇಲ್ವಲ್ಲ," ಎಂಬ ದನಿ ಕಿಟಕಿಯಿಂದ ಬಂತು.

ಚಿಕ್ಕಪ್ಪ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ನನ್ನ ಭುಜ ತಟ್ಟಿ, ಶಾಭಾಸ್, ಜ್ಯಾಕು ಚೆನ್ನಾಗಿ ಕೂತಿದೆ ಎಂದರು. ಪಲ್ಲವಿ ಒಳಗೆ ಪಾತ್ರೆ ಕೊಟ್ಟು ಬಂದಳು. ನಾವು ಮೂವರೂ ಮೆಟ್ಟಿಲಿನಿಂದ ದೂರ, ಬಿಸಿಲಿಗೆ ನಿಂತಿದ್ದಾಗ ಹಾಲು ಉಕ್ಕಿತು. ಪೂರ್ವ ಪಶ್ಚಿಮ ಎನ್ನದೆ ಸುತ್ತಲೂ ಉಕ್ಕಿತಂತೆ. ಚಿಕ್ಕಮ್ಮ ಆ ಗಾಡಿಯಲ್ಲಿ ಮನೆ ಮುಗಿಯುವವರೆಗೂ ಸುಖವಾಗಿದ್ದರು.

ಕೆಲವು ವರ್ಷಗಳ ನಂತರ ಧೈರ್ಯ ಮಾಡಿ ಅವರಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಒಂದೇ ಒಂದು ಸಲ ಅಲ್ಲಾಡಿತ್ತು ಕಣೋ. ಹಾಲು ಉಕ್ಕೋ ಹೊತ್ತಿಗೆ, ಹಿಂದೆ ಮಂಚದಿಂದ ಯಾರೋ ಎದ್ದು ಕುಂಟ್ತಾ ಇಳಿದು ಹೋದ ಹಾಗಾಯ್ತು. ನೀನು ನನ್ನ ಅಣಕಿಸ್ತಿದೀಯ ಅಂದ್ಕೊಂಡು ಸುಮ್ನಿದ್ದೆ. ನಿಮ್ಮ ಚಿಕ್ಕಪ್ಪನ ಮುಖ ನೋಡಿದ್ರೆ ಹೇಳೋ ಮನಸಾಗ್ಲಿಲ್ಲ."

ನಾನು ಹೊರಗೆ ಬಿಸಿಲಿನಲ್ಲಿದ್ದೆ ಎಂದೆ. ಅವರು ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.