ಕ್ಯಾನಿಗೆ ಕಟ್ಟಿದ ಬಟ್ಟೆ

ದೇವಕಿ, ಟ್ರ್ಯಾಕ್ಟರಿನ ಟ್ಯಾಂಕಿಗೆ ಪೆಟ್ರೋಲ್ ಹೋದದ್ದು ನಿನ್ನ ತಪ್ಪಿನಿಂದ ಅಲ್ಲ. ಮಾಡಿಸಿದವಳು ನಾನು. ನಿನ್ನ ಕೈಯಿಂದಲೇ ಮಾಡಿಸಿದೆ — ನಿನಗೆ ಗೊತ್ತಾಗದ ಹಾಗೆ, ಬೇಕೆಂದೇ, ಮನಸ್ಸಿಟ್ಟು.

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಒಂದೊಂದೇ ಕೂರಿಸಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿದ್ದದ್ದನ್ನೂ ಮೊದಲಿನಿಂದ ಬರೆಯುತ್ತೇನೆ, ಯಾಕೆಂದರೆ ಇದನ್ನು ನಿನ್ನ ಮಕ್ಕಳು, ನನ್ನ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಕೇಳಬೇಕು.

ಮೊನ್ನೆ ನಾನು ಎಷ್ಟು ಸಂತೋಷದಲ್ಲಿದ್ದೆ ಎಂದು ನೀನೇ ನೋಡಿದ್ದೀ. ನನ್ನ ಮೊಮ್ಮಗಳು ದೀಕ್ಷಾ, ಕುಮಟೆಯಲ್ಲಿ ಐಟಿಐ ಕಲಿತು ಹೊನ್ನಾವರದ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳುವ ನನ್ನ ಬಂಗಾರ, ನಿನ್ನ ಗಂಡನ ಟ್ರ್ಯಾಕ್ಟರಿಗೆ ಜೀವ ಬರಿಸಿದಳು. ಕೊಟ್ಟಿಗೆಯಲ್ಲಿ ಅದರ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಉಪ್ಪುಗಾಳಿಗೆ ಮಡ್‌ಗಾರ್ಡು ಹಪ್ಪಳದ ಹಾಗೆ ಮುರಿಯುತ್ತಿತ್ತು. ಈ ಮಳೆಗಾಲ ಪೂರ್ತಿ ಅವಳು ರಜೆ ಸಿಕ್ಕಿದಾಗಲೆಲ್ಲ ಬಂದು ಬಿಚ್ಚಿದಳು, ತಿಕ್ಕಿದಳು, ಹಿಡಿದುಕೊಂಡಿದ್ದ ಪಿಸ್ಟನ್ನಿಗೆ ಎಣ್ಣೆ ಕುಡಿಸಿ ಬಿಡಿಸಿದಳು. ನಾನು ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದೆ. ಊರಿನವರು ಬಂದರೆ "ನಮ್ಮ ಹುಡುಗಿ ಕಾಣಿ" ಎಂದು ನಾನೇ ಕರೆದು ತೋರಿಸುತ್ತಿದ್ದೆ. ಇಷ್ಟು ಸಂತೋಷ ನನಗೆ ಮಕ್ಕಳು ಹುಟ್ಟಿದಾಗಲೂ ಆಗಿರಲಿಲ್ಲ — ಸುಳ್ಳಲ್ಲ.

ಆ ಸಂತೋಷದ ನಡುವೆಯೇ ಒಂದು ದಿನ ಅವಳು ಪಂಪು ಬಿಚ್ಚಿ ನನ್ನ ಮುಂದೆ ಹಿಡಿದಳು.

"ಅಜ್ಜಿ, ಇದ್ರೊಳಗೆ ಪೆಟ್ರೋಲ್ ಓಡಿದ್ದು ಹೌದು. ಗೀರು ಬಿದ್ದದ್ದು ಕಾಣು. ಡೀಸೆಲ್ಲಂದ್ರೆ ಎಣ್ಣೆ ಅಲ್ದ? ಇದ್ಕೆ ಅದೇ ಜಿಡ್ಡು. ಪೆಟ್ರೋಲ್ ಒಣಾ ಒಣ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಸಾಯ್ತದೆ."

"ನಮ್ಮ ದೋಣಿ ಎಂಜಿನ್ ಪೆಟ್ರೋಲ್ ಕುಡ್ದೇ ಓಡ್ತಿತ್ತಲೆ," ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಅದ್ಕೆ ಪ್ಲಗ್ಗು ಕಿಡಿ ಕೊಡ್ತದೆ. ಇದ್ಕೆ ಕಿಡಿ ಬೇಡ. ಒಳಗೆ ಗಾಳಿ ಒತ್ತಿ ಒತ್ತಿ ಕಾದ ಬಿಸಿಗೇ ಡೀಸೆಲ್ ಹೊತ್ಕೊಳ್ತದೆ. ಓಡುದಕ್ಕೆ ಪೆಟ್ರೋಲು, ಎಳೆಯುದಕ್ಕೆ ಡೀಸೆಲ್ಲು." ಆಮೇಲೆ ನಕ್ಕು ಹೇಳಿದಳು: "ಪಾಪ, ನಮ್ಮ ಮೂಗಿಲ್ದ ಸಣ್ಣಜ್ಜಿ."

ದೇವಕಿ, ಅವಳು ಹುಟ್ಟುವ ಎಷ್ಟೋ ಮೊದಲು ನಾನು ನಿನಗೆ ಹುಟ್ಟಿಸಿದ ಹೆಸರು ಅದು. ಅವಳ ಬಾಯಲ್ಲಿ ಮುದ್ದಾಗಿ ಬಂತು.

ಮಕ್ಕಳೇ, ಕೇಳಿ. ನಮ್ಮದು ಅಘನಾಶಿನಿಯಲ್ಲಿ ದೋಣಿಯ ಮನೆ. ನಮ್ಮವರು, ಎಂದರೆ ನನ್ನ ಗಂಡ, ತಾಂಡೇಲರು, ದೋಣಿ ನಡೆಸುವವರು. ಪೆಟ್ರೋಲ್ ಎಂಜಿನ್ನು ಅವರದ್ದು. ಮೈದುನ ಗಣಪ, ದೇವಕಿಯ ಗಂಡ, ಸಮುದ್ರ ಬಿಟ್ಟು ಹಳೇ ಟ್ರ್ಯಾಕ್ಟರ್ ತಂದ. ಗದ್ದೆ ಹೂಡುತ್ತಿದ್ದ, ಮಳೆ ಹಿಡಿಯುವ ಹೊತ್ತಿಗೆ ಊರಿನ ದೋಣಿಗಳನ್ನೆಲ್ಲ ಹಗ್ಗ ಕಟ್ಟಿ ದಂಡೆಯ ಮೇಲಕ್ಕೆ ಎಳೆಯುತ್ತಿದ್ದ. ಅಲ್ಲಿಯವರೆಗೆ ದೋಣಿ ಎಳೆಯುವಾಗ ಎಲ್ಲರೂ ನಮ್ಮವರ ಕೂಗಿಗೆ ಕಾಯುತ್ತಿದ್ದರು. ಆಮೇಲೆ ಗಣಪನ ಟ್ರ್ಯಾಕ್ಟರಿಗೆ ಕಾದರು. ಒಂದು ವರ್ಷ ನಮ್ಮವರೂ ಕಾಯಬೇಕಾಯಿತು.

ಅಂದು ದಂಡೆಯಲ್ಲಿ ದೇವಕಿ ಮಡ್‌ಗಾರ್ಡಿನ ಮೇಲೆ ಕೂತಿದ್ದಳು. ನನ್ನ ಕಡೆ ತಿರುಗಿ ಹೇಳಿದಳು: "ಅಕ್ಕಾ, ಭಾವನ ಪೆಟ್ರೋಲನ್ನೂ ನಮ್ಮ ಡೀಸೆಲ್ಲೇ ಎಳೀಬೇಕಾಯ್ತಲೆ."

ದಂಡೆಯ ಮೇಲಿದ್ದವರೆಲ್ಲ ನಕ್ಕರು. ನಮ್ಮವರೂ ನಕ್ಕರು. ಅದೊಂದು ತಮಾಷೆ, ದೇವಕಿ, ಅಷ್ಟೇ ಆಗಿತ್ತು. ಅಂದೇ ನನಗೆ ಗೊತ್ತಿತ್ತು. ಗೊತ್ತಿದ್ದೂ —

ನಮ್ಮ ಮನೆಯಲ್ಲಿ ಎಣ್ಣೆ ತುಂಬುವುದು ಹೆಂಗಸರ ಕೆಲಸ. ಗಂಡಸರು ಬೆಳಿಗ್ಗೆಯೇ ದಂಡೆಗೆ ಹೋಗುತ್ತಿದ್ದರು. ಕ್ಯಾನುಗಳು ಒಂದೇ ನಮೂನೆಯವು. ಓದು ಬಾರದ ಅತ್ತೆ ಅದಕ್ಕೆ ಒಂದು ಪದ್ಧತಿ ಮಾಡಿದ್ದರು — ಪೆಟ್ರೋಲಿನ ಕ್ಯಾನಿನ ಕುತ್ತಿಗೆಗೆ ಕೆಂಪು ಬಟ್ಟೆ, ಡೀಸೆಲ್ಲಿನದಕ್ಕೆ ಕಪ್ಪು ಬಟ್ಟೆ. ಉಳಿದವರಿಗೆ ಬಟ್ಟೆ ನೋಡದಿದ್ದರೂ ಮುಚ್ಚಳ ತೆಗೆದರೆ ವಾಸನೆಯಿಂದ ತಿಳಿಯುತ್ತಿತ್ತು. ದೇವಕಿಗೆ ತಿಳಿಯುತ್ತಿರಲಿಲ್ಲ. ಮದುವೆಗೆ ಮೊದಲು ಒಂದು ಜ್ವರ ಬಂದು ಅವಳಿಗೆ ವಾಸನೆ ಹೋಗಿತ್ತು. ಅತ್ತೆಗೆ, ಗಂಡನಿಗೆ ಹೇಳಿರಲಿಲ್ಲ. ನನಗೆ ಹೇಳಿದ್ದಳು. ಹೊಳೆಯ ಇಳಿತದಲ್ಲಿ ಇಬ್ಬರೂ ಸೊಂಟದ ನೀರಿನಲ್ಲಿ ನಿಂತು ಬಳಚು ಚಿಪ್ಪು ಹೆಕ್ಕುವಾಗ, ಚಿಪ್ಪಿನ ಬುಟ್ಟಿ ನಮ್ಮ ನಡುವೆ ತೇಲುತ್ತಿದ್ದಾಗ, ಹೇಳಿದ್ದಳು. "ಮೀನು ಹಾಳಾದ್ದು ನಂಗೆ ಗೊತ್ತಾಗುದಿಲ್ಲ ಅಕ್ಕಾ. ನೀವು ಒಂಚೂರು ನೋಡ್ಕಣಿ." ನಾನು ನೋಡಿಕೊಳ್ಳುತ್ತಿದ್ದೆ. ಅವಳು ತಂದ ಮೀನನ್ನು ಯಾರಿಗೂ ಕಾಣದ ಹಾಗೆ ಮೂಸಿ ಕೊಡುತ್ತಿದ್ದೆ. ಅಷ್ಟು ಹತ್ತಿರದವಳು ನಾನು.

ದಂಡೆಯ ಆ ತಮಾಷೆಯ ಮರುದಿನ ಬೆಳಿಗ್ಗೆ ಬಟ್ಟೆಗಳನ್ನು ಅದಲುಬದಲು ಮಾಡಿ ಕಟ್ಟಿದೆ. ದೇವಕಿ ಕಪ್ಪು ಬಟ್ಟೆಯ ಕ್ಯಾನು ಎತ್ತಿ ಟ್ಯಾಂಕಿಗೆ ಸುರಿಯುವುದನ್ನು ಬಾಗಿಲ ಸಂದಿಯಿಂದ ನೋಡಿದೆ. ಅಂಗಳವೆಲ್ಲ ಪೆಟ್ರೋಲ್ ವಾಸನೆ. ಅವಳು ಏನೋ ಹಾಡು ಗುನುಗುತ್ತಾ ಸುರಿಯುತ್ತಿದ್ದಳು. ಅವಳು ಒಳಗೆ ಹೋದ ಮೇಲೆ ಬಂದು ಬಟ್ಟೆಗಳನ್ನು ಮೊದಲಿದ್ದ ಹಾಗೆ ಕಟ್ಟಿದೆ. ಸಿಟ್ಟಿನಲ್ಲಿ ಆಗಿಹೋಯಿತು ಎನ್ನುವವರು ಈ ಎರಡನೇ ಗಂಟಿಗೆ ಏನು ಹೇಳುತ್ತಾರೆ? 

ಆಮೇಲೆ ಗಣಪ ಬಂದು ಹೊರಡಿಸಿದಾಗ, ಟ್ಯಾಂಕಿನ ತಳದಲ್ಲಿದ್ದ ಡೀಸೆಲ್ಲಿನ ಮೇಲೆ ಟ್ರ್ಯಾಕ್ಟರು ದಂಡೆಯವರೆಗೆ ಹೋಯಿತು. ದೋಣಿಗೆ ಹಗ್ಗ ಕಟ್ಟಿದ ಮೇಲೆ ಕಲ್ಲು ಜಜ್ಜಿದ ಹಾಗೆ ಬಡಿದುಕೊಂಡಿತು. ಗಣಪ ಬಿಡಲಿಲ್ಲ, ಇನ್ನೂ ಒತ್ತಿದ. ಒದ್ದೆ ಮರಳಿನಲ್ಲಿ ನಿಂತೇಹೋಯಿತು. ಸಮುದ್ರದ ಭರತ ಏರುತ್ತಿತ್ತು, ನೀರು ಗಾಲಿಗೆ ಬಂತು. ದೋಣಿ ಎಳೆಯಬೇಕಾದದ್ದನ್ನು ಗಂಡಸರು ದೋಣಿಯ ಹಾಗೆ ಕೈಯಲ್ಲಿ ಎಳೆದರು. ಮುಂದೆ ನಿಂತು ಕೂಗು ಹಾಕಿದವರು ನಮ್ಮವರು. ನನಗೆ ಹೊಟ್ಟೆ ತಣ್ಣಗಾಯಿತು.

ಅಂಗಳದಲ್ಲಿ ವಿಚಾರಣೆ ಆಯಿತು. ಕ್ಯಾನು ನೋಡಿದರು. ಕೆಂಪು ಬಟ್ಟೆಯದು ಖಾಲಿ.

"ಕೆಂಪು ಕಾಣುದಿಲ್ವನೆ ನಿಂಗೆ? ವಾಸ್ನೆನೂ ಬರ್ಲಿಲ್ವ?" ಎಂದು ಗಣಪ ಕೇಳಿದ.

"ದೇವರಾಣೆ, ಕಪ್ಪೇ ಇತ್ತು," ಎಂದೆ ನೀನು, ದೇವಕಿ. ಆಮೇಲೆ ನನ್ನ ಮುಖ ನೋಡಿದೆ. ವಾಸನೆಯ ಮಾತಿಗೆ ಏನು ಹೇಳಲಿ ಎಂದು ಕೇಳುವ ಹಾಗೆ ನೋಡಿದೆ. ನಿನಗೆ ಆ ಮನೆಯಲ್ಲಿ ಇದ್ದವಳು ನಾನೊಬ್ಬಳೇ.

ನಾನು ಹೇಳಿದೆ: "ಅವಳಿಗೆ ಎಲ್ಲಿಂದ ವಾಸ್ನೆ ಬರ್ಬೇಕು? ಅವಳಿಗೆ ಮೂಗೇ ಇಲ್ಲ. ಇಷ್ಟು ದಿನ ನಮ್ಗೆ ಎಂತೆಂತ ಕೊಳೆತದ್ದು ತಿನ್ಸಿದ್ದಾಳೋ."

ನಗು ಮೊದಲು ಬಂದದ್ದು ಬೇಲಿಯಾಚೆಯಿಂದ. ಆಮೇಲೆ ನನ್ನ ಬಾಯಿಂದಲೂ ಬಂತು. ಅಂದಿನಿಂದ ಅತ್ತೆ ನಿನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಗಣಪ ಬೇರೆಯವರ ದೋಣಿಗೆ ಕೂಲಿಗೆ ಹೋದ. ಕುಡಿದು ಬಂದಾಗ ನಿನ್ನ ಮೂಗು ಹಿಡಿದು ಅಲ್ಲಾಡಿಸಿ ಮಕ್ಕಳನ್ನು ನಗಿಸುತ್ತಿದ್ದ. ಸಾಯುವವರೆಗೂ ತನ್ನ ಟ್ರ್ಯಾಕ್ಟರನ್ನು ಹೆಂಡತಿ ಕೊಂದಳು ಎಂದೇ ನಂಬಿದ್ದ. ಅದನ್ನು ನಾನು ಇನ್ನು ತಿದ್ದಲಾರೆ.

ಇಷ್ಟೇ ಆಗಿದ್ದರೂ — ಇಲ್ಲ, ಇದಕ್ಕಿಂತ ಕೆಟ್ಟದ್ದು ಉಂಟು. ಕೆಲವು ತಿಂಗಳ ಮೇಲೆ ಬಾವಿಕಟ್ಟೆಯಲ್ಲಿ ನೀನು ನನ್ನನ್ನೇ ಕೇಳಿದೆ: "ಅಕ್ಕಾ, ನಾ ಕಪ್ಪೇ ಕಂಡದ್ದು. ಆದ್ರೆ ಎಲ್ಲರೂ ಹೇಳ್ತಾರೆ... ನಂಗೆ ಕಣ್ಣೂ ಸರಿ ಇಲ್ವ ಏನೋ?"

ಆಗ ಒಂದು ಮಾತು ಸಾಕಿತ್ತು. ನಾನು ನೀರು ಸೇದುತ್ತಲೇ ಹೇಳಿದೆ: "ಇರ್ಲಿಕ್ಕೂ ಸಾಕು."

ಅಲ್ಲಿಂದ ನೀನು ನಿನ್ನನ್ನು ನಂಬುವುದು ಬಿಟ್ಟೆ. ಇಂದಿಗೂ ಉಪ್ಪಿನ ಡಬ್ಬಿ ಹಿಡಿದು ಸೊಸೆಗೆ ತೋರಿಸಿ "ಇದು ಉಪ್ಪೇ ಹೌದಾ?" ಎಂದು ಕೇಳುತ್ತೀ. ಬಸ್ಸಿನ ಬೋರ್ಡಿನ ಬಣ್ಣ ಮಕ್ಕಳ ಹತ್ತಿರ ಕೇಳುತ್ತೀ. ನಿನ್ನ ಕಣ್ಣಿಗೆ ಏನೂ ಆಗಿಲ್ಲ.

ಮೊನ್ನೆ ದೀಕ್ಷಾ ಡೀಸೆಲ್ಲಿನ ಕ್ಯಾನು ನಿನ್ನ ಕೈಗೇ ಕೊಡಲಿಕ್ಕೆ ಬಂದಳು. "ಸಣ್ಣಜ್ಜಿ, ಮೊದಲ್ನೇದು ನೀವೇ ಹಾಕಿ." ನೀನು ಎರಡೂ ಕೈ ಬೆನ್ನ ಹಿಂದೆ ಮಾಡಿಕೊಂಡು ಹಿಂದೆ ಸರಿದೆ. "ನಾ ಮುಟ್ಟುದಿಲ್ಲ ಮಗಾ, ಮತ್ತೆ ಹಾಳಾದ್ರೆ." ಎಲ್ಲರೂ ಹೋ ಎಂದು ನಕ್ಕರು. ನೀನೂ ನಕ್ಕೆ — ಅದು ಅಭ್ಯಾಸವಾಗಿಹೋಗಿದೆ ನಿನಗೆ. ಟ್ರ್ಯಾಕ್ಟರು ಹೊಗೆ ಕಾರಿ ಗುಡುಗಿತು. ದೀಕ್ಷಾ ನನ್ನನ್ನು ತಬ್ಬಿ "ನಮ್ಮಜ್ಜಿ ದೇವರಂಥವಳು, ಪೂರಾ ಮಳೆಗಾಲ ನನ್ ಜೊತೆ ಕೂತಿದ್ದಾಳೆ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದಳು. ಸಂತೋಷದಲ್ಲಿ ನನಗೆ ಅಳು ಬಂತು. ನೀನೇ ಬಂದು ನಿನ್ನ ಸೆರಗಿನಲ್ಲಿ ನನ್ನ ಕಣ್ಣು ಒರೆಸಿದೆ. ಆಗ ಸಾಕಾಯಿತು ನನಗೆ.

ಇಂದು ಬೆಳಿಗ್ಗೆ ದೀಕ್ಷಾಳಿಗೆ ಹೇಳಿದೆ. ಎಲ್ಲರೂ ಸೇರಿದಾಗ ಇದನ್ನು ನೀನು ಓದಿ ಹೇಳು ಮಗಾ, ನನಗೆ ತಡವರಿಸುತ್ತದೆ ಎಂದೆ. ಅವಳು ಪೂರ್ತಿ ಕೇಳಿದಳು. ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತಲೇ ಇದ್ದಳು. "ನಾ ಓದುದಿಲ್ಲ. ನೀನೇ ಓದು," ಎಂದಳು. ಅಜ್ಜಿ ಎನ್ನಲಿಲ್ಲ. ಊಟಕ್ಕೂ ನಿಲ್ಲದೆ ಹೊನ್ನಾವರದ ಬಸ್ಸು ಹತ್ತಿದಳು.

ಸರಿ. ನಾನೇ ಓದುತ್ತೇನೆ. ಬರುವ ಭಾನುವಾರ, ಅದೇ ಅಂಗಳದಲ್ಲಿ, ಬೇಲಿಯಾಚೆಯವರನ್ನೂ ಕರೆದು. ಬೆರಳಿಟ್ಟು ಓದುತ್ತೇನೆ, ತಡವಾಗುತ್ತದೆ. ನೀನು ನಡುವೆ ಬಂದು "ಇರ್ಲಿ ಬಿಡಿ ಅಕ್ಕಾ" ಎನ್ನಬೇಡ. ನೀನು ಅನ್ನುವವಳೇ, ನನಗೆ ಗೊತ್ತು. ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಪೂರಾ ಮುಗಿಯುವವರೆಗೆ ಕೂತು ಕೇಳು. ಆಮೇಲೆ ಯಾರಿಗಾದರೂ ನಗು ಬಂದರೆ, ಅವರು ನಿನ್ನನ್ನು ಬಿಟ್ಟು ನನ್ನ ಮುಖ ನೋಡಿ ನಗಲಿ.