ಒಂದು ಬೂಚಿನಷ್ಟು

ಮೊನ್ನೆ ಮೊಮ್ಮಗಳಿಗೆ ಸೂಜಿ ಹಾಕಿಸಲು ನಿಪ್ಪಾಣಿಯ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ನರ್ಸು ಹತ್ತಿಗೆ ಸ್ಪಿರಿಟ್ ಹಚ್ಚಿ ಕೂಸಿನ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ತೋಟದ ಕಾಕಾ ನೆನಪಾದರು. ಕೂಸಿನ ಜೊತೆ ನಾನೂ ಕಣ್ಣೊರೆಸಿಕೊಂಡೆ. "ಸೂಜಿ ನಿಮಗ ಹಾಕಿಲ್ರಿ ಆಯಿ" ಎಂದು ಆ ಹುಡುಗಿ ನಕ್ಕಳು.

ಅಥಣಿ ಕಡೆಯ ನನ್ನ ತವರಿನಲ್ಲಿ ನಮ್ಮ ದ್ರಾಕ್ಷಿ ತೋಟಕ್ಕೂ ಅವರದಕ್ಕೂ ಒಂದೇ ಬದು. ರಕ್ತಸಂಬಂಧವಿಲ್ಲ, ಆದರೂ ನನಗೆ ಕಾಕಾ. ಕುಡುಕರಂತೂ ಅಲ್ಲವೇ ಅಲ್ಲ. ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟ್ನಿ ಮುಗಿದ ದಿನ ಮಾತ್ರ ಅವರ ತೋಟದಲ್ಲಿ ಬಾಟಲಿ ಕಾಣಿಸುತ್ತಿತ್ತು. ಬಳ್ಳಿಗೆ ಹೊಡೆಯುವ ಔಷಧವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆಯುತ್ತಿದ್ದ ಮನುಷ್ಯ. ಅಳತೆ ತಪ್ಪದಿದ್ದರೆ ಯಾವುದೂ ಕೆಡುಕು ಮಾಡುವುದಿಲ್ಲ ಎಂದು ನಂಬಿದ್ದರು.

ಕೊನೆಯ ಸಾಲು ಮುಗಿದ ಮೇಲೆ ಆಳುಗಳೆಲ್ಲ ಕತ್ತರಿಗಳನ್ನು ಒಟ್ಟಿಗಿಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಕಾಯಿ ಒಡೆದು, ಕಾಕಾ ಬಳ್ಳಿಯ ಬುಡಕ್ಕೆ ಸಾರಾಯಿಯ ನಾಲ್ಕು ಹನಿ ಹಾಕುವರು. ಆಮೇಲೆ ಬಾಟಲಿಯ ಬೂಚಿನಲ್ಲಿ ಸುರಿದು ಮಕ್ಕಳಿಗೆ. ಮಕ್ಕಳೆಂದರೆ ಇಬ್ಬರೇ, ನಾನು ಮತ್ತು ಅವರ ಮಗ. ಇಬ್ಬರಿಗೂ ಆರೇಳು ವರ್ಷ.

"ಕೂಸುಗೋಳ ಬಾಯಿಗೆ ಯಾಕ್ರಿ ಅದನ್ನ ಹಚ್ಚತೀರಿ?" ಎಂದು ಅವ್ವ ಒಮ್ಮೆ ತಡೆದಳು.

"ವೈನಿ, ಮನೀ ಮಂದಿ ಮುಂದ ರುಚಿ ನೋಡಿದ ಹುಡುಗರು ನಾಳೆ ಹೊರಗ ಹೋಗಿ ಹುಡುಕೂದಿಲ್ರಿ. ಬೂಚಿನಷ್ಟ ಐತಿ, ಏನಾಗ್ತೈತಿ?" ಎಂದರು ಕಾಕಾ.

ಅಪ್ಪ ನಕ್ಕರು. ಅವ್ವ ರೊಟ್ಟಿ ಬುಟ್ಟಿ ಎತ್ತಿಕೊಂಡು ದೂರ ಹೋಗಿ ಕೂತಳು.

ಅವರ ಮಗ ಗಟಕ್ಕನೆ ಕುಡಿದು, ಬೂಚು ನೆಕ್ಕಿ, ಇನ್ನೊಂದು ಬೇಕು ಎಂದು ಕೈ ಚಾಚುತ್ತಿದ್ದ. ಆಳುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಬಾಯಲ್ಲಿ ಇಟ್ಟುಕೊಂಡು ಓಡಿ, ಸವರಿದ ಕಡ್ಡಿಗಳ ರಾಶಿಯ ಹಿಂದೆ ಉಗುಳಿ ಬರುತ್ತಿದ್ದೆ. ಪುಕ್ಕಲಿ ಎಂದು ಚಾಳಿಸುತ್ತಾರೆಂದು ಯಾರಿಗೂ ಹೇಳಲಿಲ್ಲ. ನಾಲ್ಕೈದು ವರ್ಷ ಹಾಗೇ ನಡೆಯಿತು...

ನಾನು ಮದುವೆಯಾಗಿ ನಿಪ್ಪಾಣಿಗೆ ಬಂದೆ. ಅಷ್ಟರಲ್ಲಿ ಕಾಕಾರ ಮಗ ಮಿರಜದವರೆಗೂ ಹೋಗಿ ಕುಡಿದು ಬರುತ್ತಿದ್ದ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದರು, ಮಾಡಿದರು. ಒಂದು ಗಂಡು ಕೂಸೂ ಆಯಿತು. ಕೂಸಿಗೆ ಮೂರು ತುಂಬುವಷ್ಟರಲ್ಲಿ ಅವನಿಗೆ ಮೈಯೆಲ್ಲ ಹಳದಿಯಾಗಿ, ಹೊಟ್ಟೆ ಉಬ್ಬಿ... ಇಪ್ಪತ್ತನಾಲ್ಕು ಸಾಯುವ ವಯಸ್ಸೇ?

ಮಾತಾಡಿಸಲು ಹೋದಾಗ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಕೈ ಹಿಡಿದುಕೊಂಡರು.

"ಯವ್ವಾ, ನಿನಗೂ ಅಷ್ಟ ಕೊಟ್ಟಿದ್ನೆಲ್ಲಾ. ಖರೇ ಹೇಳು, ನೀನೂ ಕುಡದಿದ್ದಿ, ಹೌದಿಲ್ಲೋ? ನಿನಗೇನೂ ಆಗಲಿಲ್ಲ. ಹಂಗಾರ ನಾ ಅವನ್ನ ಕೆಡಸಿಲ್ಲ."

ಅವರ ಮುಖ ನೋಡಿ "ಹೌದ್ರಿ ಕಾಕಾ, ಪ್ರತಿ ಸಲ ಕುಡದೀನ್ರಿ" ಎಂದುಬಿಟ್ಟೆ. ಅವರು ನನ್ನ ತಲೆ ಸವರಿ ಅತ್ತರು. ಒಳ್ಳೆಯ ಕೆಲಸ ಮಾಡಿದೆನೆಂದೇ ಅಂದುಕೊಂಡೆ.

ಮರುವರ್ಷದ ಚಾಟ್ನಿಗೆ ತವರಿನಲ್ಲಿದ್ದೆ. ಕಾಯಿ ಒಡೆದದ್ದಾಯಿತು, ಬುಡಕ್ಕೆ ಹನಿ ಹಾಕಿದ್ದಾಯಿತು. ಕಾಕಾ ಬೂಚಿನಲ್ಲಿ ಸುರಿದು ಮೊಮ್ಮಗನನ್ನು ಕರೆದರು. ಸಾಲಿನ ಕೊನೆಯಲ್ಲಿ ನಿಂತಿದ್ದ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಕಾಕಾ, ಬ್ಯಾಡ್ರಿ!"

"ಯಾಕಬೇ? ನೀನ ಹೇಳಿದ್ದಿ, ಏನೂ ಆಗೂದಿಲ್ಲ ಅಂತ."

"ನಾ ಸುಳ್ಳ ಹೇಳಿದ್ನ್ರಿ. ಕಡ್ಡಿ ರಾಶಿ ಹಿಂದ ಉಗಳಿ ಬರತಿದ್ನ್ರಿ."

"ಒಮ್ಮೆನೂ ನುಂಗಿಲ್ಲ?"

"ಒಮ್ಮೆನೂ ಇಲ್ರಿ."

ಅವರು ಬೂಚಿನಲ್ಲಿದ್ದುದನ್ನು ನೆಲಕ್ಕೆ ಚೆಲ್ಲಿದರು. ಊಟಕ್ಕೂ ನಿಲ್ಲದೆ ಮನೆಯ ಕಡೆ ನಡೆದರು. ಆಮೇಲೆ ಎರಡು ವರ್ಷ ಬದುಕಿದ್ದರು. ನಾನು ಹೋದಾಗಲೆಲ್ಲ "ಬಾ" ಎನ್ನುವರು, ಚಹಾ ತರಿಸುವರು, ಎದ್ದು ಒಳಗೆ ಹೋಗುವರು.

ಆ ಒಂದು ಬೂಚಿನಿಂದಲೇ ಅವರ ಮಗ ಹಾಳಾದನೇ? ನನಗೆ ಗೊತ್ತಿಲ್ಲ. ಮನೆಯಲ್ಲಿ ಹನಿಯೂ ಸಿಗದೆ ಬೆಳೆದು ಕುಡಿದು ಸತ್ತವರೂ ನಮ್ಮೂರಲ್ಲಿದ್ದಾರೆ. ಕಾಕಾರ ಮೊಮ್ಮಗ ಈಗ ದೊಡ್ಡವನಾಗಿ ತೋಟ ನೋಡಿಕೊಳ್ಳುತ್ತಾನೆ, ಕುಡಿಯುವುದಿಲ್ಲ. ಅವನನ್ನು ಕಂಡಾಗ ಖುಷಿಯಾಗುತ್ತದೆ. ಆದರೆ ಮಗನನ್ನು ಕೊಂದವನು ತಾನೇ ಎಂದುಕೊಂಡು ಕಾಕಾ ಸತ್ತರು. ಉಗುಳಿದ್ದನ್ನು ಹೇಳಿ ಅವರಿಗೆ ಹಾಗನ್ನಿಸಿದವಳು ನಾನು.